ಬಾಟಲಿಯಲ್ಲಿ ಬಂದ ಬಾಳೆ

ನಮ್ಮ ಬಾಳೆ ರೋಗ ಬಂದು ಸತ್ತಿತು ಎಂದು ಊರಲ್ಲಿ ಈಗಲೂ ಹೇಳುತ್ತಾರೆ. ರೋಗ ಬಂದದ್ದು ನಿಜ. ಆದರೆ ಅದನ್ನು ಕೊನೆಗೆ ಮುಗಿಸಿದ್ದು ನನ್ನ ಮಗಳು ಮತ್ತು ನನ್ನ ಅತ್ತೆ, ಇಬ್ಬರೂ ಸೇರಿ, ಒಳ್ಳೆಯದು ಮಾಡಲು ಹೋಗಿ. ಒಳ್ಳೆಯದು ಮಾಡಲು ಹೋದವರನ್ನು ಬೈಯಬಾರದು ಎನ್ನುವವರಿದ್ದಾರೆ. ನಾನು ಬೈದೆ.

ಆ ಬಾಳೆ ಯಾವುದು ಎಂದು ಮೊದಲು ಹೇಳುತ್ತೇನೆ. ನನ್ನ ತವರು ಹಿರಿಯೂರಿನ ಕಡೆ, ಕಾಲುವೆ ನೀರಿನ ಊರು. ನನ್ನನ್ನು ಕೊಟ್ಟದ್ದು ಹೊಳಲ್ಕೆರೆ ತಾಲ್ಲೂಕಿಗೆ, ಚಿಕ್ಕಜಾಜೂರು ಸ್ಟೇಷನ್ನಿಗೆ ನಡೆದೇ ಹೋಗಬಹುದಾದ ಒಂದು ಊರಿಗೆ. ನಮ್ಮ ಮನೆತನಗಳಲ್ಲಿ ಹೆಣ್ಣನ್ನು ಗಂಡನ ಮನೆಗೆ ಕಳಿಸುವಾಗ ಮಡಿಲಕ್ಕಿಯ ಜೊತೆಗೆ ತವರಿನ ಹಿತ್ತಿಲಿನಿಂದ ಒಂದು ಬಾಳೆಕಂದನ್ನೂ ಕೊಡುತ್ತಾರೆ. ತಾಯಿ ಬಾಳೆಯ ಪಕ್ಕದಲ್ಲಿ ಏಳುವ ಮರಿಯೇ ಕಂದು. ಬಾಳೆಗೆ ಬೀಜವಿಲ್ಲ, ಕಂದಿನಿಂದಲೇ ವಂಶ. ಅದರ ಬುಡಕ್ಕೆ ಹಸಿ ಮಣ್ಣು ಮೆತ್ತಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಹೆಣ್ಣಿನ ಕೈಗೇ ಕೊಡಬೇಕು. ಅವಳು ಅದನ್ನು ಗಂಡನ ಮನೆಯ ಬಚ್ಚಲ ನೀರು ಹರಿಯುವ ಕಡೆ ನೆಡಬೇಕು. ಆಮೇಲೆ ಅದನ್ನು ಯಾರೂ ಕೀಳುವ ಹಾಗಿಲ್ಲ. ಕಿತ್ತರೆ ತವರು ಬಾಡುತ್ತದೆ ಎಂದು ಮಾತು. ನಮ್ಮ ಸುತ್ತಿನ ಊರುಗಳಲ್ಲಿ ಹಿತ್ತಿಲಿನ ಬಾಳೆ ನೋಡಿ ಆ ಮನೆಯ ಸೊಸೆ ಯಾವ ಊರಿನವಳು ಎಂದು ಹೇಳಿಬಿಡಬಹುದಿತ್ತು. ನಮ್ಮತ್ತೆ ತಾಳ್ಯದವಳು. ಅವಳು ತಂದದ್ದು ಬೂದಿ ಬಣ್ಣದ, ದಪ್ಪ ಸಿಪ್ಪೆಯ, ಪಲ್ಯಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಬಾರದ ಬಾಳೆ. ಅವಳೂ ಹಾಗೇ ಇದ್ದಳು.

ನಾನು ತಂದದ್ದು ಬೇರೆ. ಕಾಯಿ ಗಿಡ್ಡ, ಸಿಪ್ಪೆ ತೆಳು, ಸಿಹಿಯ ಹಿಂದೆ ಸಣ್ಣಗೆ ಹುಳಿ. ಹಣ್ಣಾದ ಮೇಲೂ ಚಿಪ್ಪಿನಿಂದ ಉದುರುತ್ತಿರಲಿಲ್ಲ. ಬುಟ್ಟಿಯಲ್ಲಿಟ್ಟುಕೊಂಡು ಮಾರುವವರಿಗೆ ಇದಕ್ಕಿಂತ ಬೇರೆ ಗುಣ ಬೇಡ. ನಮ್ಮ ಯಜಮಾನರು ಅದರ ಕಂದುಗಳನ್ನೇ ಕಿತ್ತು ಕಿತ್ತು ನೆಟ್ಟು ಬಾವಿಯ ಕೆಳಗಿನ ತುಂಡು ಹೊಲವನ್ನು ಬಾಳೆತೋಟ ಮಾಡಿದರು. ಚಿಕ್ಕಜಾಜೂರಿನಲ್ಲಿ ಇಳಿದು ಚಿತ್ರದುರ್ಗದ ಗಾಡಿಗೆ ಕಾಯುವ ಜನ ಯಾವಾಗಲೂ ಇರುತ್ತಿದ್ದರು. ಕಾಯುವವರಿಗೆ ಹಸಿವು ಜಾಸ್ತಿ. ನಾನು ಬುಟ್ಟಿ ಹೊತ್ತು ಪ್ಲಾಟ್‌ಫಾರಮ್ಮಿನ ಮೇಲೆ ಓಡಾಡುತ್ತಿದ್ದೆ. ನಮ್ಮ ಮನೆಯ ಊಟ, ಬಟ್ಟೆ, ಮಗಳನ್ನು ಹೊಸದುರ್ಗದ ಕಡೆ ಕೊಟ್ಟ ಮದುವೆ, ಎಲ್ಲ ಆ ಬಾಳೆಯಿಂದಲೇ ಆಯಿತು. ಮಗಳಿಗೂ ನಾನು ಅದರದೇ ಒಂದು ಕಂದು ಕೊಟ್ಟು ಕಳಿಸಿದೆ.

ಎಮರ್ಜೆನ್ಸಿ ಮುಗಿದ ಮೇಲಿನ ಮಾತು ಇದು. ತೋಟದ ಒಂದು ಮೂಲೆಯಲ್ಲಿ ಬಾಳೆಯ ಸುಳಿ ಬಿಚ್ಚದೆ ನಿಂತಿತು. ಎಲೆಗಳು ಅಗಲವಾಗಿ ಹರಡದೆ, ಗಿಡದ ನೆತ್ತಿಯ ಮೇಲೆ ಒತ್ತೊತ್ತಾಗಿ ಜುಟ್ಟು ಕಟ್ಟಿದ ಹಾಗೆ ಎದ್ದು ನಿಂತವು. ಅಂಚು ಹಳದಿಯಾಗಿ, ಹಿಡಿದರೆ ಹಪ್ಪಳದಂತೆ ಮುರಿಯುತ್ತಿದ್ದವು. ಗೊನೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದರೂ ಕಾಯಿ ಕಿರುಬೆರಳಿನಷ್ಟು. ಜನ ಇದಕ್ಕೆ ಜುಟ್ಟು ರೋಗ ಎಂದರು. ಹೆಸರಿಡುವುದು ಸುಲಭ. ಒಬ್ಬರು ಬೂದಿ ಹಾಕು ಎಂದರು, ಇನ್ನೊಬ್ಬರು ಬೇವಿನ ಹಿಂಡಿ ಎಂದರು. ಅತ್ತೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಾವೆಲ್ಲ ಕೆಮ್ಮಿದೆವು. ಬಾಳೆ ಹಾಗೇ ಇತ್ತು.

ತವರಿನಿಂದ ಹೊಸ ಕಂದು ತರೋಣವೆಂದು ಹಿರಿಯೂರಿಗೆ ಹೋದೆ. ಬಾಳೆ ಇದ್ದ ಕಡೆ ಕಬ್ಬು ನಿಂತಿತ್ತು.

"ಜುಟ್ಟು ಬಂದು ಆಗ್ಲೇ ಎಲ್ಡು ವರ್ಷಾತು ಕಣವ್ವ, ಎಲ್ಲ ಕಿತ್ತಾಕಿದ್ವಿ" ಎಂದ ಅಣ್ಣ.

"ಒಂದು ಮಾತು ಹೇಳಬಾರ್ದೇನೋ?"

"ಹೇಳಿ ಏನ್ ಮಾಡ್ಲಿ? ನೀನೇನು ಔಷ್ದಿ ಇಟ್ಕಂಡಿದ್ಯಾ?"

ಅಲ್ಲಿಗೆ ತವರಿನ ಬಾಳೆ ತವರಿನಲ್ಲಿ ಇಲ್ಲ ಎಂದಾಯಿತು. ಉಳಿದದ್ದು ನಮ್ಮ ಹಿತ್ತಿಲಿನ ಬಚ್ಚಲ ಬಳಿಯ ಒಂದು ಹಿಂಡು ಮಾತ್ರ. ನಾನು ಮದುವೆಯಲ್ಲಿ ತಂದು ನೆಟ್ಟ ಕಂದಿನ ಹಿಂಡು ಅದು. ತೋಟದಿಂದ ದೂರ ಇದ್ದದ್ದಕ್ಕೋ ಏನೋ, ಅದಕ್ಕೆ ಇನ್ನೂ ಜುಟ್ಟು ಬಂದಿರಲಿಲ್ಲ. ನಮ್ಮದು ಊರಾಚೆ ಬಾವಿ ಪಕ್ಕದ ಒಂಟಿ ಮನೆ. ಊರೊಳಗಿನ ಹಿತ್ತಿಲುಗಳಲ್ಲಿ ಬಾಳೆ ಆಗಲೇ ಮುಗಿದಿತ್ತು.

ಆಗ ಗಂಟುಬಿದ್ದವನು ಬಾಟಲಿಯವನು. ಚಿತ್ರದುರ್ಗದವನು, ಬೆಂಗಳೂರಿನಲ್ಲಿ ಕೃಷಿ ಓದಿಸುವ ಕಡೆ ಲ್ಯಾಬಿನಲ್ಲಿ ಕೆಲಸ, ಇನ್ನೂ ಮದುವೆಯಾಗದ ವಯಸ್ಸು. ಊರಿಗೆ ಹೋಗುವಾಗೆಲ್ಲ ಸ್ಟೇಷನ್ನಿನಲ್ಲಿ ನನ್ನ ಬುಟ್ಟಿಯ ಮುಂದೆ ಬಂದು ನಿಲ್ಲುತ್ತಿದ್ದ. ಮೊದಲ ಸಲ ಕೇಳಿದ್ದು ನೆನಪಿದೆ.

"ಅಮ್ಮ, ಇದು ಯಾವ ಜಾತಿ?"

"ಬಾಳೆ ಜಾತಿ."

"ಹೆಸರೇನು ಅಂತ ಕೇಳಿದೆ."

"ನಮ್ಮ ತವರಿಂದು. ಹೆಸ್ರು ಬೇಕಂದ್ರೆ ಬೇರೆ ಬುಟ್ಟಿ ನೋಡ್ಕಳಪ್ಪ, ಹಣ್ಣು ಬೇಕಂದ್ರೆ ತಗಾ."

ತಿಂದ. ಮತ್ತೆ ತೆಗೆದುಕೊಂಡ. ಆಮೇಲೆ ಪ್ರತಿ ಸಲ ಬಂದ. ಒಂದು ಸಲ ಬುಟ್ಟಿಯಲ್ಲಿ ಕಿರುಬೆರಳಿನ ಕಾಯಿ ನೋಡಿ ಇದೇನಮ್ಮ ಎಂದ. ಜುಟ್ಟಿನ ಕತೆ ಹೇಳಿದೆ. ಅವನು ಚಿತ್ರದುರ್ಗದ ಗಾಡಿ ಬಿಟ್ಟು ನನ್ನ ಜೊತೆ ಮನೆಗೆ ನಡೆದು ಬಂದ.

ತೋಟದಲ್ಲಿ ಎಲೆಯ ಬುಡ ಬಿಡಿಸಿ ತೋರಿಸಿದ. ಸಾಸಿವೆಗಿಂತ ಸಣ್ಣ ಕಪ್ಪು ಹೇನುಗಳು ಮುತ್ತಿಕೊಂಡಿದ್ದವು.

"ಇವೇ ಅಮ್ಮ ರೋಗ ಹೊತ್ಕೊಂಡು ತಿರುಗೋದು. ಈ ಗಿಡದ ರಸ ಕುಡಿದು ಆ ಗಿಡಕ್ಕೆ ಹೋಗ್ತವೆ. ರೋಗ ಒಳಗೆ ಗೆಡ್ಡೆಗೂ ಇಳಿದಿರುತ್ತೆ. ಅದಕ್ಕೇ ನೀವು ಕಂದು ಕಿತ್ತು ಯಾವ ಊರಲ್ಲಿ ನೆಟ್ಟರೂ ಜೊತೆಗೇ ಹೋಗುತ್ತೆ. ಹಸುರಾಗಿದೆ ಅಂತ ಕಂದನ್ನ ನಂಬೋ ಹಂಗಿಲ್ಲ."

ನನಗೆ ಅಲ್ಲೇ ಅರ್ಥವಾಯಿತು. ಹಿರಿಯೂರಿನಿಂದ ಹೊಳಲ್ಕೆರೆಗೆ, ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ, ಹೆಣ್ಣು ಕೊಟ್ಟು ತಂದ ದಾರಿಯಲ್ಲೇ ರೋಗವೂ ಬಂದಿದೆ. ಈಚಿನ ಮದುವೆ ದಿಬ್ಬಣಗಳ ಜೊತೆ, ಸೀರೆ ತುಂಡಿನಲ್ಲಿ ಸುತ್ತಿಕೊಂಡು.

ಹಿತ್ತಿಲಿನ ಹಿಂಡನ್ನು ಅವನು ಸುತ್ತಿ ಸುತ್ತಿ ನೋಡಿದ. ಒಂದು ಕಂದನ್ನು ಕಿತ್ತು ಜಗಲಿಯ ಮೇಲೆ ಕೂತು ಈರುಳ್ಳಿ ಸುಲಿದಂತೆ ಪದರ ಪದರ ಸುಲಿದ. ಕೊನೆಗೆ ನಡುವೆ ಬೆಳ್ಳಗೆ ಒಂದು ಮೊನೆ ಉಳಿಯಿತು, ರಾಗಿ ಕಾಳಿನಷ್ಟು.

"ಇಷ್ಟನ್ನ ತಗೊಂಡು ಬಾಟಲೀಲಿ ಬೆಳೆಸ್ತೀವಿ. ಈ ತುದಿಗೆ ರೋಗ ಮುಟ್ಟಿರಲ್ಲ ಅನ್ನೋದು ನಂಬಿಕೆ."

"ಬಾಟ್ಲಿಗೆ ಮಣ್ಣಾಕ್ತೀಯೇನಪ್ಪ?" ಎಂದಳು ಅತ್ತೆ.

"ಮಣ್ಣಿಲ್ಲ ಅಜ್ಜಿ. ಸಕ್ಕರೆ, ಎಳನೀರು, ಒಂದಷ್ಟು ಉಪ್ಪು ಹಾಕಿ ಗಂಜಿ ತರ ಕಾಯಿಸ್ತೀವಿ. ಆರಿದ ಮೇಲೆ ಗಟ್ಟಿಯಾಗುತ್ತೆ. ಅದರ ಮೇಲೆ ಇಡೋದು."

"ಸಕ್ರೆ, ಎಳ್ನೀರು! ನನ್ನ ಬಾಣಂತಂದಾಗೂ ಯಾರೂ ಇಷ್ಟು ಮಾಡ್ಲಿಲ್ಲ ಕಣಪ್ಪ."

ಅವನು ನಕ್ಕ. ಕಂದುಗಳನ್ನು ಒದ್ದೆ ಗೋಣಿಯಲ್ಲಿ ಕಟ್ಟಿಕೊಂಡು ಹೋದ. ಹೋಗುವಾಗ ನನಗೆ ಆಸೆ ಇಟ್ಟುಕೊಳ್ಳಬೇಡಿ ಎಂದ. ನಾನು ಇಟ್ಟುಕೊಳ್ಳಲಿಲ್ಲ. ಆದರೆ ಬೇರೆ ದಾರಿಯೂ ಇರಲಿಲ್ಲ.

ಊರಿಗೆ ಹೋಗುವಾಗೆಲ್ಲ ಸ್ಟೇಷನ್ನಿನಲ್ಲಿ ಸುದ್ದಿ ಹೇಳುತ್ತಿದ್ದ. ಒಂದು ಸಲ, ಬೂಷ್ಟು ಹತ್ತಿ ಮುಕ್ಕಾಲು ಬಾಟಲಿ ಹೋದವು ಎಂದ. ಇನ್ನೊಂದು ಸಲ, ಉಳಿದವು ಕಪ್ಪಾಗುತ್ತಿವೆ ಎಂದ. ಧೂಳಿನ ಒಂದು ಕಣ ಒಳಗೆ ಹೋದರೂ ಕೆಟ್ಟಿತು, ಉಸಿರು ತಾಗಿದರೂ ಕೆಟ್ಟಿತು ಎಂದು ಹೇಳುತ್ತಿದ್ದ. ಬಾಳೆಯನ್ನು ಇಷ್ಟು ಮಡಿಯಲ್ಲಿ ಬೆಳೆಸುವುದನ್ನು ನಾನು ಕೇಳಿರಲಿಲ್ಲ. ಆಮೇಲೊಂದು ಸಲ ಗಾಡಿ ನಿಲ್ಲುವ ಮೊದಲೇ ಬಾಗಿಲಿನಿಂದ ಕೂಗಿದ: "ಅಮ್ಮ, ಹಸುರು ಒಡೆದಿದೆ! ಒಂದರ ಪಕ್ಕ ಇನ್ನೊಂದು ಏಳ್ತಾ ಇದೆ!" ಪ್ಲಾಟ್‌ಫಾರಮ್ಮಿನ ಜನವೆಲ್ಲ ನಮ್ಮನ್ನು ನೋಡಿದರು.

ಆದರೆ ಒಂದು ಮಾತು ಖಡಾಖಂಡಿತ ಹೇಳಿದ. ಈ ಗಿಡಗಳು ಬರುವ ಮೊದಲು ನಮ್ಮ ಹೊಲದಲ್ಲಿ, ಹಿತ್ತಿಲಲ್ಲಿ, ಕಣ್ಣಿಗೆ ಕಾಣುವಷ್ಟು ದೂರ ಒಂದೇ ಒಂದು ಬಾಳೆಯೂ ಇರಬಾರದು. ಹಸುರಾಗಿರುವ ಹಿಂಡೂ ಇರಬಾರದು. ಬಾಟಲಿಯಲ್ಲಿ ಬೆಳೆದದ್ದಕ್ಕೆ ರೋಗ ತಡೆಯುವ ಶಕ್ತಿಯೇನೂ ಹೆಚ್ಚಿಲ್ಲ. ಅದು ರೋಗವಿಲ್ಲದೆ ಹುಟ್ಟಿರುತ್ತದೆ, ಅಷ್ಟೇ.

ಮನೆಯಲ್ಲಿ ಹೇಳಿದೆ. ಯಜಮಾನರು ತಟ್ಟೆ ಬಿಟ್ಟು ಎದ್ದರು.

"ಲೇ, ಇನ್ನೂ ಗೊನೆ ಬಿಡೋ ಗಿಡ ಅವೆ. ಅವ್ನ್ಯಾವನೋ ಬಾಟ್ಲಿ ತೋರಿಸ್ತಾನೆ ಅಂತ ಇರೋದನ್ನ ಕೀಳ್ತಾರೇನೇ?"

"ಆ ಗೊನೆ ಯಾರಿಗೆ ಮಾರಾಣ? ಬೆರಳು ಚೀಪೋ ಕೂಸಿಗಾ?"

ಅವರು ಗುದ್ದಲಿ ಮುಟ್ಟಲಿಲ್ಲ. ನಾನೇ ಕಿತ್ತೆ. ಆಮೇಲೆ ನೋಡಲಾರದೆ ಅವರೂ ಬಂದರು. ಗೆಡ್ಡೆ ಸಮೇತ ಅಗೆದು, ಕೊಚ್ಚಿ, ಬಿಸಿಲಿಗೆ ಹರವಿ ಸುಟ್ಟೆವು. ಬಚ್ಚಲ ಬಳಿಯ ನನ್ನ ಹಿಂಡನ್ನೂ ಕಿತ್ತೆ. ತವರು ಬಾಡುತ್ತದೆ ಎಂದು ಅತ್ತೆ ಎದೆ ಬಡಿದುಕೊಂಡಳು. ತವರಿನಲ್ಲಿ ಕಬ್ಬು ಚೆನ್ನಾಗಿ ಬಂದಿದೆ, ಬಾಡುವುದೇನಿದೆ ಎಂದೆ. ಆಮೇಲೆ ಅವಳ ತಾಳ್ಯದ ಬಾಳೆಗೆ ಕೈ ಹಾಕಿದಾಗ ಅವಳು ಬುಡದ ಮೇಲೆ ಕೂತುಬಿಟ್ಟಳು.

"ನನ್ನವ್ವ ಕೊಟ್ಟಿದ್ದು ಕಣೇ. ನನ್ನ ಕಡೆಯೋರು ಯಾರಿದಾರೆ ಇನ್ನ? ಇದೊಂದೇ ಐತೆ."

"ಏಳು, ಅತ್ತೆ."

"ಏಳಲ್ಲ."

ಯಜಮಾನರು ಬಂದು ತಾಯಿಯನ್ನು ಎತ್ತಿ ಜಗಲಿಯ ಮೇಲೆ ಕೂರಿಸಿದರು. ನಾನು ಅಗೆದೆ. ಅವಳು ಆ ಬೇಸಿಗೆ ಪೂರ್ತಿ ನನ್ನ ಜೊತೆ ಮಾತಾಡಲಿಲ್ಲ. ಸ್ಟೇಷನ್ನಿನಲ್ಲಿ ನಾನು ಬೇಯಿಸಿದ ಶೇಂಗಾ ಮಾರಿದೆ. ಶೇಂಗಾ ಮಾರುವವರು ಅಲ್ಲಿ ಮೊದಲೇ ಇದ್ದರು. ನನ್ನನ್ನು ಪ್ಲಾಟ್‌ಫಾರಮ್ಮಿನ ತುದಿಗೆ ಓಡಿಸಿದರು.

ಮುಂಗಾರಿನ ಮೊದಲ ಮಳೆಯಾದ ಮೇಲೆ ಅವನು ಗಿಡ ತಂದ. ಮರದ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ, ಬಾಟಲಿಗಳನ್ನು ನಿಲ್ಲಿಸಿ, ಬೆಂಗಳೂರಿನಿಂದ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದ. ಒಂದೊಂದು ಬಾಟಲಿಯಲ್ಲೂ ಬೆರಳುದ್ದದ ಬಾಳೆ. ಎಲೆ, ಬೇರು ಎಲ್ಲ ಇತ್ತು. ಗಾಜಿನ ಹೊರಗಿನಿಂದ ಬೇರು ಕಾಣುವುದು ನನಗೆ ಅಷ್ಟು ಸರಿ ಕಾಣಲಿಲ್ಲ, ಬಟ್ಟೆಯಿಲ್ಲದ ಹಾಗೆ. ಅತ್ತೆ ಜಗಲಿಯಿಂದಲೇ ಇಣುಕಿ, ಬಹಳ ದಿನದ ಮೇಲೆ ಬಾಯಿಬಿಟ್ಟಳು: "ತಾಯಿಲ್ಲ, ಮಣ್ಣಿಲ್ಲ. ಇದು ಬಾಳೆಯೇನೇ?"

ಅವು ಗಾಳಿ ಕಂಡಿರಲಿಲ್ಲ. ಬೇರಿಗೆ ಅಂಟಿದ ಗಂಜಿಯನ್ನು ಬೆಚ್ಚನೆಯ ನೀರಿನಲ್ಲಿ ತೊಳೆದು, ಮರಳು ಗೊಬ್ಬರದ ಕುಡಿಕೆಯಲ್ಲಿ ನೆಟ್ಟು, ಮೇಲೆ ಒದ್ದೆ ಬಟ್ಟೆ ಹಾಸಿದ ಮಂಕರಿ ಕವುಚಬೇಕು. ದಿನಾ ಸ್ವಲ್ಪ ಸ್ವಲ್ಪ ಎತ್ತಿ ಗಾಳಿಯ ರೂಢಿ ಮಾಡಿಸಬೇಕು. ಅವನು ಹೇಳಿದ ಹಾಗೇ ಮಾಡಿದೆ. ಆದರೂ ಅರ್ಧಕ್ಕಿಂತ ಹೆಚ್ಚು ಸತ್ತವು. ಕೆಲವು ಬುಡ ಕೊಳೆತು ಬಿದ್ದವು, ಕೆಲವು ಮಂಕರಿ ಎತ್ತಿದ ದಿನವೇ ಬೆಂದ ಸೊಪ್ಪಿನಂತೆ ಮಲಗಿದವು. ಉಳಿದವನ್ನು ನಾನೂ ಯಜಮಾನರೂ ಬಚ್ಚಲ ನೀರಿನ ಕಡೆಯಲ್ಲದೆ, ಮನೆಯ ಇನ್ನೊಂದು ಬದಿಗೆ, ಎಂದೂ ಬಾಳೆ ಕಾಣದ ನೆಲದಲ್ಲಿ ಸಾಲಾಗಿ ನೆಟ್ಟೆವು. ಎಲೆ ಬಿಚ್ಚಿದವು. ಅಗಲವಾಗಿ, ನುಣ್ಣಗೆ. ಒಂದು ದಿನ ಯಜಮಾನರು ಆ ಸಾಲಿನ ನಡುವೆ ಸುಮ್ಮನೆ ಕೂತು ಬೀಡಿ ಸೇದುವುದನ್ನು ಕಂಡೆ. ಆ ಮನುಷ್ಯ ಕೂತು ಬೀಡಿ ಸೇದಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ನಡೆಯುತ್ತಲೇ ಸೇದುತ್ತಿದ್ದರು.

ಗೌರಿ ಹಬ್ಬಕ್ಕೆ ಮಗಳು ಬಂದಳು, ಮಗುವನ್ನು ಎತ್ತಿಕೊಂಡು. ಬಾಗಿನ ಕೊಟ್ಟೆ, ಹೋಳಿಗೆ ಮಾಡಿದೆ, ಹಬ್ಬ ಮುಗಿದ ಮೇಲೆ ಹೋದಳು. ನಾನು ದಿನಾ ಶೇಂಗಾ ಹೊತ್ತು ಸ್ಟೇಷನ್ನಿಗೆ ಹೋಗಿ ಬರುತ್ತಿದ್ದೆ. ಅತ್ತೆ ಆ ದಿನಗಳಲ್ಲಿ ಗೆಲುವಾಗಿದ್ದಳು. ಬೆಳಿಗ್ಗೆ ಸಂಜೆ ಚೊಂಬು ಹಿಡಿದು ಹುಲ್ಲಿನ ಬಣವೆಯ ಹಿಂದೆ ಹೋಗುತ್ತಿದ್ದಳು. ಚೊಂಬು ಹಿಡಿದು ಬಣವೆಯ ಹಿಂದೆ ಹೋಗುವ ಮುದುಕಿಯನ್ನು ಯಾಕೆ ಹೋಗ್ತೀಯ ಎಂದು ಯಾರು ಕೇಳುತ್ತಾರೆ?

ದೀಪಾವಳಿ ಮುಗಿದಿತ್ತು. ಸಾಲಿನ ತುದಿಯ ಗಿಡದ ಎಲೆದಂಟಿನ ಮೇಲೆ ಕಡುಹಸುರಿನ ಸಣ್ಣ ಗೀರುಗಳು ಕಂಡವು, ಅಲ್ಲಲ್ಲಿ ತುಂಡಾದ ದಾರ ಅಂಟಿಸಿದ ಹಾಗೆ. ಜುಟ್ಟಿಗೆ ಮೊದಲು ಕಾಣುವುದು ಇದೇ ಎಂದು ಅವನು ತೋರಿಸಿಕೊಟ್ಟಿದ್ದ. ಎಲೆಯ ಬುಡ ಬಿಡಿಸಿದೆ. ಕಪ್ಪು ಹೇನು. ಪಕ್ಕದ ಗಿಡ ನೋಡಿದೆ, ಅಲ್ಲೂ ಹೇನು. ಇಷ್ಟು ದೂರಕ್ಕೆ ಎಲ್ಲಿಂದ ಬಂದವು ಎಂದು ಮನೆ ಸುತ್ತ ಹುಡುಕಿದೆ. ಬಣವೆಯ ಹಿಂದೆ, ಗೋಡೆಯ ಸಂದಿಯಲ್ಲಿ, ಸೊಂಟದೆತ್ತರ ಒಂದು ಬಾಳೆ ನಿಂತಿತ್ತು. ನೆತ್ತಿಯ ಮೇಲೆ ಜುಟ್ಟು.

ಅತ್ತೆಯನ್ನು ಕರೆದೆ. ಅವಳು ಬಂದು ಹಿಂಜರಿಯದೆ ನಿಂತಳು.

"ನಿನ್ನ ಮಗಳು ತಂದಿದ್ದು. ತವರಿನ ಬಾಳೆ ಎಲ್ಲಾ ಹೋಗೈತೆ, ನಾನು ಒಯ್ದಿದ್ದು ನನ್ನ ಮನೇಲಿ ಚಂದಾಗೈತೆ, ಅದನ್ನೇ ವಾಪಸ್ ಕೊಡ್ತೀನಿ ಅಂತ ಅಷ್ಟು ದೂರದಿಂದ ಹೊತ್ಕಂಡು ಬಂತು ಕೂಸು. ನೀನು ಕಂಡ್ರೆ ಕಿತ್ತಾಕ್ತೀಯ ಅಂತ ಇಲ್ಲಿ ನೆಟ್ವಿ. ಹೆಣ್ಮಗಳು ತಂದಿದ್ದನ್ನ ಬ್ಯಾಡ ಅಂತಾರೇನೇ?"

"ರೋಗ ಐತೆ ಅದ್ರಾಗೆ."

"ಬಂದಾಗ ಹಸ್ರಾಗಿತ್ತು! ಅಲ್ಲಿ ಅಂಥ ಚಂದಾಗೈತಂತೆ. ಮಾಘದಾಗೆ ಅವಳ ನಾದಿನಿ ಮದುವೆ, ಅವಳಿಗೂ ಅದ್ರ ಕಂದೇ ಕೊಟ್ಟು ಕಳಿಸ್ತಾರಂತೆ. ರೋಗ ಇದ್ರೆ ಕೊಡ್ತಿದ್ರಾ? ಇದು ನಿನ್ನ ತವರಿಂದೇ ಕಣೇ. ಇಲ್ಲಿಂದ ಹೋಗಿದ್ದು ಇಲ್ಲಿಗೇ ಬಂತು."

"ಬಂತು. ಹೇನನ್ನೂ ಕರ್ಕಂಡು ಬಂತು."

ಆಮೇಲೆ ಬೈದೆ. ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಅವಳೂ ಸುಮ್ಮನಿರಲಿಲ್ಲ. ಯಜಮಾನರು ನಡುವೆ ಬರದೆ ದನದ ಹತ್ತಿರ ಹೋಗಿ ನಿಂತರು.

ಆ ವಾರವೇ ಬಾಟಲಿಯವನು ಬಂದ. ಸಾಲಿನ ಈ ತುದಿಯಿಂದ ಆ ತುದಿಗೆ ನಡೆದ. ಎಲ್ಲ ಗಿಡಕ್ಕೂ ಗೀರು ಬಂದಿತ್ತು, ಮೂಲೆಯ ಎರಡು ಬಿಟ್ಟು. ಆ ಎರಡರಲ್ಲೂ ಹೇನಿತ್ತು. ಅವನು ಮಣ್ಣಿನ ಮೇಲೇ ಕೂತ.

"ನಿನ್ನ ಹತ್ರ ಬಾಟ್ಲಿ ಇನ್ನೂ ಅವೆಯೇನಪ್ಪ?" ಎಂದು ಕೇಳಿದೆ.

"ಇಲ್ಲಮ್ಮ. ಕರೆಂಟು ಹೋಗಿ ಹೋಗಿ ರೂಮಿಗೆ ಕಾವು ಹತ್ತಿತು. ಬೂಷ್ಟು ಬಂದು ಎಲ್ಲಾ ಹೋದವು. ಇವು ದೊಡ್ಡವಾದ ಮೇಲೆ ಇವುಗಳ ಕಂದಿನಿಂದ ಮತ್ತೆ ತುದಿ ತಗೊಳ್ಳೋಣ ಅಂತಿದ್ದೆ."

"ಈ ಎಲ್ಡರದ್ದು ತಗಂಡು ಹೋಗು."

"ತಗೊಂಡು ಹೋಗಬಹುದು. ರೋಗ ಇದೆಯೋ ಇಲ್ಲವೋ ಅಂತ ಖಾತ್ರಿ ಮಾಡ್ಕೊಳ್ಳೋದು ನಮ್ಮಲ್ಲಿ ಆಗಲ್ಲ. ರೋಗದ್ದನ್ನೇ ಬಾಟಲೀಲಿ ಬೆಳೆಸಿ ಊರೂರಿಗೆ ಹಂಚಿದ ಹಾಗಾಗುತ್ತೆ. ಅದಕ್ಕಿಂತ..." ಮೇಲಿನವರು ಈ ಬಾಳೆ ಕೆಲಸ ಸಾಕು, ಬೇರೆ ಹಿಡಿ ಎಂದಿದ್ದಾರೆ ಎಂದೂ ಹೇಳಿದ. ಕಣ್ಣು ಒರೆಸಿಕೊಂಡ. ಓದಿದ ಗಂಡಸು ಬಾಳೆಗಾಗಿ ಅಳುವುದನ್ನು ನೋಡಿ ನನಗೆ ಮುಜುಗರವಾಯಿತು.

"ಎದ್ದೇಳಪ್ಪ. ಕಿತ್ತಾಕಾಣ" ಎಂದೆ.

ಮೊದಲು ಸೀಮೆಎಣ್ಣೆ ಸಿಂಪಡಿಸಿ ಹೇನು ಸಾಯಿಸಿದೆವು, ಅಲುಗಾಡಿಸಿದರೆ ಹಾರಿ ಹೋಗುತ್ತವೆಂದು. ಆಮೇಲೆ ಸಾಲು ಪೂರ್ತಿ ಅಗೆದೆವು. ಮೂಲೆಯ ಎರಡನ್ನೂ, ಬಣವೆಯ ಹಿಂದಿನದನ್ನೂ. ಹಸಿಗೆಡ್ಡೆ ಬೇಗ ಸುಡುವುದಿಲ್ಲ. ಹೊಗೆ ಬಂತು, ಅಷ್ಟೇ. ಅವನಿಗೆ ಊಟ ಹಾಕಿದೆ. ತಿಂದು ಸಂಜೆ ಗಾಡಿಗೆ ಹೋದ. ಆಮೇಲೆ ಅವನನ್ನು ನಾನು ನೋಡಲಿಲ್ಲ. ನನಗೆ ತಿಳಿದ ಮಟ್ಟಿಗೆ ಈ ಭೂಮಿಯ ಮೇಲೆ ನಮ್ಮ ಬಾಳೆ ಎಂಬುದು ಇನ್ನು ಇದ್ದದ್ದು ಮಗಳ ಮನೆಯ ಹಿತ್ತಿಲಿನಲ್ಲಿ ಮಾತ್ರ, ರೋಗದ ಜೊತೆ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೊಸದುರ್ಗದ ಕಡೆ ಹೊರಟೆ. ಅಲ್ಲಿ ಇಳಿದು ಮಗಳ ಊರಿಗೆ ನಡೆದೆ. ಬೀಗತಿ ಬಾಗಿಲಲ್ಲೇ ಇದ್ದಳು.

"ಓ, ಬರ್ರಿ ಬರ್ರಿ. ಏನು ಹೇಳ್ದೆ ಕೇಳ್ದೆ? ಕುಂತ್ಕಳ್ರಿ, ಕಾಫಿ ಇಡ್ತಾಳೆ."

"ಕುಂತ್ಕಳಾಕೆ ಬಂದಿಲ್ಲ ಬೀಗ್ರೆ. ನಿಮ್ಮ ಮನೆ ಗುದ್ದಲಿ ಕೊಡ್ರಿ."

ಹಿತ್ತಿಲಿಗೆ ಹೋದೆ. ಹಿಂಡು ದಟ್ಟವಾಗಿ ಬೆಳೆದಿತ್ತು. ನೋಡಿದವರು ಚೆನ್ನಾಗಿದೆ ಎನ್ನಬೇಕು, ಹಾಗಿತ್ತು. ಎಲೆದಂಟು ಬಗ್ಗಿಸಿ ನೋಡಿದೆ. ಗೀರು ಇತ್ತು. ಬುಡದ ಸುತ್ತ ಕಂದು ಕಿತ್ತ ಗುಂಡಿಗಳು ಹಸಿಯಾಗಿದ್ದವು.

"ಇಲ್ಲಿಂದ ಕಂದು ಯಾರಿಗೆ ಕೊಟ್ರಿ?"

"ಯಾರ್ಯಾರಿಗೋ. ಪಕ್ಕದ ಮನೆಯೋರು ಕೇಳಿದ್ರು. ತುರುವನೂರಿಂದ ನೆಂಟ್ರು ಬಂದಿದ್ರು, ಅವ್ರಿಗೂ ಕೊಟ್ವಿ. ನಿಮ್ಮ ಬಾಳೆ ಅಂದ್ರೆ ಎಲ್ರಿಗೂ ಆಸೆ ಕಣ್ರಿ" ಎಂದಳು ಬೀಗತಿ. ನಾನು ಗುದ್ದಲಿ ಹಿಡಿದದ್ದು ನೋಡಿ ಅವಳ ದನಿ ಬದಲಾಯಿತು. "ಯಾಕ್ರಿ, ಕೊಟ್ಟಿದ್ದನ್ನ ಕಿತ್ಕಂಡು ಹೋಗಾಕೆ ಬಂದ್ರೇನ್ರಿ?"

ಮಗಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಹಿತ್ತಿಲ ಬಾಗಿಲಿಗೆ ಬಂದಳು. "ಅವ್ವಾ" ಎಂದಳು. ಅವಳಿಗೆ ಏನು ಹೇಳಬೇಕೋ ಬಸ್ಸಿನಲ್ಲಿ ಯೋಚಿಸಿರಲಿಲ್ಲ. ಸೆರಗು ಸಿಕ್ಕಿಸಿ ಬುಡಕ್ಕೆ ಗುದ್ದಲಿ ಹಾಕಿದೆ.